ಹದ್ದು ಬಿದ್ದರೆ ಕೆಂಗೇರಿ ಕಡೆ ಹೊರಡಿ

ಎರಡು ವರ್ಷದಲ್ಲಿ ನಮ್ಮ ಬೀದಿಯಲ್ಲಿ ಎರಡು ಹದ್ದು ಮಾಂಜಾ ದಾರಕ್ಕೆ ಸಿಕ್ಕಿಬಿದ್ದವು. ಮೊದಲನೆಯದು ಸತ್ತಿತು, ಅದರಲ್ಲಿ ನನ್ನ ಪಾಲೂ ಇದೆ. ಎರಡನೆಯದನ್ನು ಕೆಂಗೇರಿ–ಉತ್ತರಹಳ್ಳಿ ರಸ್ತೆಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆಗೆ ಒಯ್ದೆ. ಬರೆಯಲು ಕೂತಿದ್ದು ಆ ಆಸ್ಪತ್ರೆಯ ಬಗ್ಗೆ. ಆದರೆ ಮೊದಲ ಹದ್ದಿನ ಕತೆ ಹೇಳದಿದ್ದರೆ ನಾನು ಯಾಕೆ ಇಷ್ಟು ಹೊಗಳುತ್ತಿದ್ದೇನೆ ಅಂತ ಗೊತ್ತಾಗಲ್ಲ.

ನಮ್ಮದು ಚಾಮರಾಜಪೇಟೆ. ಆಷಾಢದ ಗಾಳಿ ಶುರುವಾದರೆ ಸಾಕು, ಮಹಡಿ ಮೇಲೆಲ್ಲ ಗಾಳಿಪಟ. ಗಾಜಿನ ಪುಡಿ ಮೆತ್ತಿದ ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶದಾದ್ಯಂತ ನಿಷೇಧಿಸಿದೆ, ಆದರೂ ದಾರ ಎಲ್ಲಿಂದಲೋ ಬರುತ್ತದೆ. ಗಾಳಿಪಟ ಹರಿದು ಹೋಗುತ್ತದೆ, ದಾರ ಮಾತ್ರ ಮರದಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಆ ಮೊದಲ ಹದ್ದು ಕೆಳಗೆ ಬಿದ್ದಾಗ ನಾವು ಮಾಡಬಾರದ್ದನ್ನೆಲ್ಲ ಮಾಡಿದೆವು. ರೆಕ್ಕೆಗೆ ಸುತ್ತಿದ ದಾರವನ್ನು ಜಗ್ಗಿ ತೆಗೆದೆವು. ಗಾಯಕ್ಕೆ ಅರಿಶಿನ ಮೆತ್ತಿದೆವು. ಪಾಪ ಬಾಯಾರಿದೆ ಅಂತ ಕೊಕ್ಕು ಬಿಡಿಸಿ ಉದ್ಧರಣೆಯಲ್ಲಿ ನೀರು ಬಿಟ್ಟೆವು, ಸಾಯುವವರಿಗೆ ಗಂಗಾಜಲ ಬಿಟ್ಟ ಹಾಗೆ. ಹಾಗೇ ಆಯಿತು ಕೂಡ. ಹತ್ತಿರದ ಒಂದು ಪ್ರಾಣಿ ಕ್ಲಿನಿಕ್‌ಗೆ ಒಯ್ದರೆ ಇಲ್ಲಿ ನಾಯಿ ಬೆಕ್ಕು ಮಾತ್ರ ಅಂದರು. ಯಾವುದೋ ಸಹಾಯವಾಣಿಗೆ ಫೋನ್ ಮಾಡಿದರೆ ಇವತ್ತು ಭಾನುವಾರ, ನಾಳೆ ನೋಡೋಣ ಅಂದರು. ರಾತ್ರಿ ಬಚ್ಚಲುಮನೆಯಲ್ಲಿ ಇಟ್ಟಿದ್ದೆವು, ಬೆಳಿಗ್ಗೆ ಇರಲಿಲ್ಲ.

ಈ ಸಲ ಬೆಳಿಗ್ಗೆ ಏಳು ಗಂಟೆಗೆ ಎದುರುಮನೆ ಹೊಂಗೆ ಮರದಲ್ಲಿ ತಲೆಕೆಳಗಾಗಿ ನೇತಾಡುತ್ತಿತ್ತು. ಕೆಳಗೆ ಜನ ಸೇರಿದ್ದರು. ಪಕ್ಕದ ಮನೆ ಅಜ್ಜಿ ಕೈ ಮುಗಿದು ನಿಂತು "ಗರುಡನೇನಮ್ಮಾ?" ಅಂತ ಕೇಳಿದರು. ಅಲ್ಲ ಅಜ್ಜಿ, ಬರೀ ಹದ್ದು ಅಂದೆ. ಕೈ ಕೆಳಗಿಳಿಯಿತು! ಬಿಳಿ ಎದೆ, ಕಂದು ಮೈಯ ಗರುಡನಿಗೆ ನಮಸ್ಕಾರ. ಮಾರ್ಕೆಟ್ಟಿನ ಕಸ, ಸತ್ತ ಇಲಿ ಎಲ್ಲ ತಿಂದು ಊರು ಚೊಕ್ಕ ಮಾಡುವ ಕರಿ ಹದ್ದಿಗೆ ಏನೂ ಇಲ್ಲ. ಇರಲಿ, ಬೈಯುತ್ತಿಲ್ಲ, ಆ ಅಜ್ಜಿಯೇ ಆಮೇಲೆ ಹಳೇ ಟವೆಲ್ ತಂದುಕೊಟ್ಟಿದ್ದು.

ಈ ಸಲ ಬುದ್ಧಿ ಬಂದಿತ್ತು, ಮೊದಲು ಆಸ್ಪತ್ರೆಗೆ ಫೋನ್ ಮಾಡಿದೆ. ನನ್ನ ಪ್ರಕಾರ ಇವರ ಸೇವೆಯಲ್ಲಿ ಅತಿ ಬೆಲೆಬಾಳುವುದು ಆ ಫೋನಿನ ಹತ್ತು ನಿಮಿಷ, ಆಪರೇಷನ್ ಎಲ್ಲ ಆಮೇಲಿನ ಮಾತು. ಆ ಕಡೆಯ ಹುಡುಗಿ ಗಡಿಬಿಡಿ ಇಲ್ಲದೆ ಒಂದೊಂದೇ ಹೇಳಿದಳು. ದಾರ ಬಿಡಿಸಲು ಹೋಗಬೇಡಿ, ಎರಡೂ ಕಡೆ ಗೇಣುದ್ದ ಬಿಟ್ಟು ಕತ್ತರಿಸಿ, ಸುತ್ತಿಕೊಂಡಿದ್ದು ಹಾಗೇ ಇರಲಿ. ತಲೆಯ ಮೇಲೆ ಬಟ್ಟೆ ಹಾಕಿ, ಕತ್ತಲಾದರೆ ಸುಮ್ಮನಾಗುತ್ತದೆ. ಕೊಕ್ಕಿಗಿಂತ ಕಾಲುಗುರಿಗೆ ಹೆದರಿ. ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಇಡಿ, ಪಂಜರ ಬೇಡ, ಸರಳಿಗೆ ಬಡಿದು ಗರಿ ಮುರಿಯುತ್ತದೆ. ಅನ್ನ, ಹಾಲು, ನೀರು, ಯಾವುದೂ ಬಾಯಿಗೆ ಹಾಕಬೇಡಿ.

ನೀರೂ ಬೇಡ್ವಾ ಅಂದೆ. ಹಕ್ಕಿಯ ಉಸಿರಿನ ಕೊಳವೆಯ ಬಾಯಿ ನಾಲಿಗೆಯ ಬುಡದಲ್ಲೇ ಇದೆಯಂತೆ, ನಾವು ಸುರಿದ ನೀರು ಸೀದಾ ಅಲ್ಲಿಗೆ ಇಳಿಯಬಹುದಂತೆ. ಎರಡು ವರ್ಷದ ಹಿಂದಿನ ಉದ್ಧರಣೆ ನೆನಪಾಗಿ ಮಾತೇ ಹೊರಡಲಿಲ್ಲ.

ತೆಂಗಿನಕಾಯಿ ಕೀಳುವವರು ಒಬ್ಬರು ಮರ ಹತ್ತಿ ಇಳಿಸಿಕೊಟ್ಟರು. ಕೈಯಲ್ಲಿ ಹಿಡಿದರೆ ಒಂದು ಕೇಜಿಯೂ ಇಲ್ಲ. ಆಕಾಶದಲ್ಲಿ ಅಷ್ಟು ದೊಡ್ಡದಾಗಿ ಕಾಣುವುದು ಬರೀ ರೆಕ್ಕೆ! ಮೈಸೂರು ರಸ್ತೆಯಲ್ಲಿ ಆಟೋ ಹಿಡಿದೆ. "ಡಬ್ಬದೊಳಗೆ ಏನ್ ಮೇಡಂ, ಕೋಳಿನಾ?" ಅಂದರು ಡ್ರೈವರ್. ಹದ್ದು ಅಂದ ಮೇಲೆ ಕೆಂಗೇರಿವರೆಗೂ ಒಂದೊಂದು ಗುಂಡಿಯನ್ನೂ ತಪ್ಪಿಸಿ ಓಡಿಸಿದರು, ರೇಡಿಯೋ ತಾವೇ ಆಫ್ ಮಾಡಿದರು.

ಆಸ್ಪತ್ರೆ 1996ರಿಂದ ಇದೆ. ಹೊಳೆಯುವ ರಿಸೆಪ್ಷನ್ ಇರುತ್ತೆ ಅಂದುಕೊಂಡು ಹೋಗಬೇಡಿ. ಒಂದು ಫಾರ್ಮ್ ಕೊಟ್ಟರು: ಎಲ್ಲಿ ಸಿಕ್ಕಿತು, ಯಾವಾಗ, ಏನಾದರೂ ತಿನ್ನಿಸಿದಿರಾ. ಸಿಕ್ಕ ಜಾಗ ಸರಿಯಾಗಿ ಬರೆಯಿರಿ ಅಂತ ಎರಡು ಸಲ ಹೇಳಿದರು, ವಾಸಿಯಾದರೆ ಆದಷ್ಟು ಅದೇ ಸುತ್ತಮುತ್ತ ಬಿಡಬೇಕಲ್ಲ. ನನ್ನ ಹತ್ತಿರ ದುಡ್ಡು ಕೇಳಲಿಲ್ಲ. ದೇಣಿಗೆಯಿಂದ ನಡೆಯುವ ಜಾಗ, ಆಟೋ ಬಾಡಿಗೆಯಷ್ಟಾದರೂ ಕೊಟ್ಟು ಬನ್ನಿ.

ಡಾಕ್ಟರು ರೆಕ್ಕೆ ಬಿಡಿಸಿ ತೋರಿಸಿದರು. ಭುಜದಿಂದ ಮಣಿಕಟ್ಟಿನವರೆಗೆ ರೆಕ್ಕೆಯ ಮುಂಭಾಗದಲ್ಲಿ ತೆಳ್ಳನೆಯ ಚರ್ಮದ ಪರದೆ ಇದೆ, ಅದರ ಅಂಚಿನಲ್ಲಿ ದಾರದಂಥ ಒಂದು ಸ್ನಾಯುರಜ್ಜು. ಮಾಂಜಾ ಕೊಯ್ಯುವುದು ಹೆಚ್ಚಾಗಿ ಅಲ್ಲೇ. ಮೂಳೆ ಗಟ್ಟಿಯಾಗಿದ್ದರೂ ಆ ರಜ್ಜು ತುಂಡಾದರೆ ಹದ್ದು ಹಾರಲಾರದು. ನಮ್ಮದರಲ್ಲಿ ಚರ್ಮ ಹರಿದಿತ್ತು, ರಜ್ಜು ಅರ್ಧ ಉಳಿದಿತ್ತು. ಗಾಯ ನೀರಲ್ಲಿ ತೊಳೆಯದೆ ತಂದಿದ್ದು ಒಳ್ಳೆಯದಾಯಿತು ಅಂದರು. ಹಕ್ಕಿಯ ತೋಳಿನ ಮೂಳೆ ಟೊಳ್ಳು, ಉಸಿರಿನ ಚೀಲದ ಜೊತೆ ಸೇರಿಕೊಂಡಿರುತ್ತದೆ, ಅದು ಮುರಿದು ಬಾಯಿ ತೆರೆದಿದ್ದರೆ ಮೇಲೆ ಸುರಿದ ನೀರು ಒಳಗೆ ಇಳಿಯುತ್ತದಂತೆ. ಬದುಕುತ್ತಾ ಅಂತ ಕೇಳಿದೆ. "ಬದುಕಬಹುದು, ಹಾರುತ್ತಾ ಅಂತ ಈಗಲೇ ಹೇಳೋಕಾಗಲ್ಲ" ಅಂದರು. ಸುಮ್ನೆ ಸಮಾಧಾನದ ಮಾತು ಆಡಲಿಲ್ಲ, ಅದು ನನಗೆ ಹಿಡಿಸಿತು.

ಹೋಗುವ ಮುಂಚೆ ಗೊತ್ತಿರಲಿ ಅಂತ ಎರಡು ಮಾತು. ಒಂದು, ದೂರ. ಯಲಹಂಕದಿಂದಲೋ ವೈಟ್‌ಫೀಲ್ಡಿನಿಂದಲೋ ಹೊರಟರೆ ಟ್ರಾಫಿಕ್ಕಲ್ಲಿ ಹಕ್ಕಿಯ ಜೊತೆ ನೀವೂ ಸುಸ್ತು. ಬೆಂಗಳೂರಿನಲ್ಲಿ ಏವಿಯನ್ ಅಂಡ್ ರೆಪ್ಟೈಲ್ ರಿಹ್ಯಾಬಿಲಿಟೇಶನ್ ಸೆಂಟರ್ ಅಂತಲೂ ಒಂದಿದೆ, ಹಕ್ಕಿ ಹಾವುಗಳಿಗೆ ಮೀಸಲು, ಅಲ್ಲೂ ಫೋನ್ ಮಾಡಿ ಕೇಳಿ. ಎರಡು, ನಿಮ್ಮ ಹದ್ದನ್ನು ಮತ್ತೆ ನೋಡಲು ಬಿಡುವುದಿಲ್ಲ. ಮಗಳು ಅತ್ತೇಬಿಟ್ಟಳು. ಆದರೆ ಅವರು ಹೇಳಿದ್ದು ನ್ಯಾಯ. ಜನರ ಸಲಿಗೆ ಆದ ಹದ್ದು ಹೊರಗೆ ಬಾಳುವುದು ಕಷ್ಟ. ಮನೆಯಲ್ಲೇ ಇಟ್ಟು ಸಾಕೋಣ ಅನ್ನುವವರಿಗೆ 1972ರ ವನ್ಯಜೀವಿ ಕಾಯ್ದೆ ಇದೆ, ಅದು ಅಪರಾಧ.

ಐದು ವಾರದ ಮೇಲೆ ಫೋನ್ ಮಾಡಿ ಕೇಸ್ ನಂಬರ್ ಹೇಳಿದೆ. ಹೊಲಿಗೆ ಕೂಡಿಕೊಂಡಿದೆ, ಹಾರಾಟದ ಅಭ್ಯಾಸಕ್ಕೆ ದೊಡ್ಡ ಬಲೆಯ ಪಂಜರಕ್ಕೆ ಬಿಟ್ಟಿದ್ದೇವೆ, ತಿರುಗುವಾಗ ಎಡಕ್ಕೆ ಸ್ವಲ್ಪ ವಾಲುತ್ತಿದೆ, ಇನ್ನೂ ನೋಡಬೇಕು ಅಂದರು.

ಹೊಂಗೆ ಮರದಲ್ಲಿ ಉಳಿದ ಮಾಂಜಾ ಇನ್ನೂ ಅಲ್ಲೇ ಇದೆ. ತೆಂಗಿನಕಾಯಿಯವರು ಭಾನುವಾರ ಬಂದು ಕಿತ್ತುಕೊಡುತ್ತೇನೆ ಅಂದಿದ್ದಾರೆ.