ದಸರಾ ರಜೆಗೆ ಡಾನಾಂಗ್ ಬುಕ್ ಮಾಡುವ ಮುಂಚೆ ಒಂದು ನಿಮಿಷ

ವಿಯೆಟ್ನಾಂನ ಡಾನಾಂಗ್ ಹತ್ತಿರದ ಹಳೇ ಊರು ಹೋಯಿ ಆನ್‌ನಲ್ಲಿ ನಾವು ಉಳಿದಿದ್ದ ಹೋಂಸ್ಟೇಯಲ್ಲಿ ಬೆಳಿಗ್ಗೆ ಕಾಫಿಗೆ ಅಂತ ಕೆಳಗೆ ಬಂದೆ. ಇಬ್ಬರು ಹುಡುಗರು ಫ್ರಿಜ್ ಹೊತ್ತುಕೊಂಡು ಮೆಟ್ಟಿಲು ಹತ್ತುತ್ತಿದ್ದರು. ಮುಖದಲ್ಲಿ ಗಾಬರಿಯೇನೂ ಇರಲಿಲ್ಲ. ಮನೆಗೆ ಸುಣ್ಣ ಹೊಡೆಸುವಾಗ ಸಾಮಾನು ಸರಿಸುತ್ತೇವಲ್ಲ, ಹಾಗೆ. ಬಾಗಿಲ ಹೊರಗೆ ನೋಡಿದರೆ ರಸ್ತೆಯೇ ಇಲ್ಲ. ಹಿಂದಿನ ಸಂಜೆ ಬಣ್ಣದ ಲಾಟೀನುಗಳ ಕೆಳಗೆ ಫೋಟೋ ತೆಗೆಸಿಕೊಂಡಿದ್ದ ಜಾಗದಲ್ಲಿ ಕೆಂಪು ನೀರು ಹರಿಯುತ್ತಿತ್ತು. ಅದರಲ್ಲಿ ಒಬ್ಬ ದೋಣಿ ನಡೆಸಿಕೊಂಡು ಹೋಗುತ್ತಿದ್ದ.

ನಮ್ಮತ್ತೆ ಬಂದು ಪಕ್ಕದಲ್ಲಿ ನಿಂತರು. ಸ್ವಲ್ಪ ಹೊತ್ತು ನೋಡಿ, "ಮಳೆ ನೋಡೋಕೆ ಇಷ್ಟು ದೂರ ಬರಬೇಕಿತ್ತೇನಮ್ಮಾ? ಆಗುಂಬೆ ಇರಲಿಲ್ವಾ?" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಕೇಳುವಂತಾಗದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಾವು ಮೈಸೂರಿನವರು. ದಸರಾ ಅಂದರೆ ಊರು ತುಂಬ ಜನ, ಮನೆ ತುಂಬ ನೆಂಟರು. ಅದೆಲ್ಲ ಮುಗಿದ ಮೇಲೆ, ಮಗನ ಶಾಲೆ ಶುರುವಾಗುವ ಮುಂಚೆ, ಎಲ್ಲಾದರೂ ಸುಮ್ನೆ ಸಮುದ್ರ ನೋಡುತ್ತಾ ಐದು ದಿನ ಕೂರೋಣ ಅಂತ ಆಸೆ. ಅತ್ತೆಗೆ ಮಂಡಿ ನೋವು, ಜಾಸ್ತಿ ಓಡಾಟ ಆಗದು. ಬೆಂಗಳೂರಿನ ಒಬ್ಬ ಟ್ರಾವೆಲ್ ಏಜೆಂಟ್ (ಹೆಸರು ಬೇಡ) ಡಾನಾಂಗ್ ಅಂದ. "ಅಕ್ಟೋಬರ್ ವಿಯೆಟ್ನಾಂಗೆ ಬೆಸ್ಟ್ ಸೀಸನ್ ಮೇಡಂ. ಹೋಟೆಲ್ ರೇಟ್ ಕೂಡ ಅರ್ಧಕ್ಕರ್ಧ." ಬೆಸ್ಟ್ ಸೀಸನ್ ಆದರೆ ರೇಟ್ ಏರಬೇಕಲ್ವಾ, ಅರ್ಧ ಯಾಕೆ ಆಯಿತು ಅಂತ ಕೇಳುವ ಬುದ್ಧಿ ನನಗೂ ಬರಲಿಲ್ಲ, ನಮ್ಮನೆಯವರಿಗೂ ಬರಲಿಲ್ಲ. ತರಕಾರಿ ಮಾರ್ಕೆಟ್‌ನಲ್ಲಿ ಟೊಮೇಟೊ ಅರ್ಧ ರೇಟಿಗೆ ಕೊಟ್ಟರೆ ತಿರುಗಿಸಿ ನೋಡುವವಳು ನಾನು. ಇಲ್ಲಿ ನೋಡಲಿಲ್ಲ.

ಆತ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ, ತೊಂದರೆ ಇರುವುದೇ ಅಲ್ಲಿ. ವಿಯೆಟ್ನಾಂ ಉದ್ದಕ್ಕೆ ಮಲಗಿದ ದೇಶ. ಮೇಲೆ ಹನೋಯಿ, ಕೆಳಗೆ ಹೋ ಚಿ ಮಿನ್ ಸಿಟಿ, ಮಧ್ಯದಲ್ಲಿ ಡಾನಾಂಗ್. ಮೂರಕ್ಕೂ ಮೂರು ಥರದ ಹವೆ. ಅಕ್ಟೋಬರ್, ನವೆಂಬರ್‌ನಲ್ಲಿ ಹನೋಯಿ ನಿಜಕ್ಕೂ ಚೆನ್ನಾಗಿರುತ್ತದೆ, ತಂಪು, ಒಣ ಹವೆ. ಡಾನಾಂಗ್‌ಗೆ ಅದೇ ಹೊತ್ತಿಗೆ ಜೋರು ಮಳೆಗಾಲ.

ನಮ್ಮ ಮಂಗಳೂರು ಕಡೆ ಜೂನ್‌ನಲ್ಲಿ ಏನಾಗುತ್ತದೆ ನೆನಪು ಮಾಡಿಕೊಳ್ಳಿ. ಸಮುದ್ರದಿಂದ ಬಂದ ಗಾಳಿ ಸಹ್ಯಾದ್ರಿಗೆ ಬಡಿದು ಅಲ್ಲೇ ಸುರಿದುಬಿಡುತ್ತದೆ. ಘಟ್ಟದ ಈಚೆ ಇರುವ ಮೈಸೂರಿಗೆ ಮಿಕ್ಕಿದ್ದಷ್ಟೇ. ಡಾನಾಂಗ್‌ನಲ್ಲಿ ಇದರ ಉಲ್ಟಾ. ಅಲ್ಲಿ ಸಮುದ್ರ ಪೂರ್ವಕ್ಕೆ, ಬೆಟ್ಟಸಾಲು ಪಶ್ಚಿಮಕ್ಕೆ. ನಮಗೆ ಮುಂಗಾರು ಬರುವಾಗ ಅವರ ಬೆಟ್ಟ ಆ ಗಾಳಿಯನ್ನು ಆಚೆಯೇ ತಡೆಯುತ್ತದೆ, ಹಾಗಾಗಿ ಜೂನ್, ಜುಲೈನಲ್ಲಿ ಅಲ್ಲಿ ಸುಡುಬಿಸಿಲು. ಸೆಪ್ಟೆಂಬರ್ ಕಳೆದು ಗಾಳಿ ಈಶಾನ್ಯಕ್ಕೆ ತಿರುಗಿತೋ, ಸಮುದ್ರದ ನೀರೆಲ್ಲ ಹೊತ್ತು ತಂದು ಅದೇ ಬೆಟ್ಟಕ್ಕೆ ಬಡಿಯುತ್ತದೆ. ಚೆನ್ನೈಗೆ ಮಳೆ ತರುವ ಹಿಂಗಾರಿನ ಒಡಹುಟ್ಟು ಅನ್ನಿ. ಜೊತೆಗೆ ಚಂಡಮಾರುತಗಳು ಬಂದು ಬಡಿಯುವುದೂ ಇದೇ ತಿಂಗಳುಗಳಲ್ಲಿ. ಡಾನಾಂಗ್‌ಗೆ ಅಕ್ಟೋಬರ್ ಒಂದೇ ತಿಂಗಳಲ್ಲಿ ಸರಾಸರಿ 600 ಮಿಲಿಮೀಟರ್ ಆಸುಪಾಸು ಮಳೆ. ನಮ್ಮ ಮೈಸೂರಿಗೆ ಇಡೀ ವರ್ಷಕ್ಕೆ ಬರುವುದು ಹತ್ತಿರ ಹತ್ತಿರ 800. ಇದನ್ನೆಲ್ಲ ನಾನು ಓದಿದ್ದು ಹೋಟೆಲ್ ರೂಮಿನಲ್ಲಿ, ಒದ್ದೆ ಬಟ್ಟೆಯನ್ನು ಹೇರ್ ಡ್ರೈಯರ್‌ನಲ್ಲಿ ಒಣಗಿಸುತ್ತಾ.

ವೀಸಾದಲ್ಲೇ ಒಂದು ಅಪಶಕುನ ಆಗಿತ್ತು. ವಿಯೆಟ್ನಾಂ ಇ-ವೀಸಾಗೆ ಅಲ್ಲಿನ ಸರ್ಕಾರ ತೆಗೆದುಕೊಳ್ಳುವುದು 25 ಡಾಲರ್, ಒಂದು ಸಲ ಹೋಗಿ ಬರುವುದಕ್ಕೆ. ಏಜೆಂಟ್ ತಲೆಗೆ 4,800 ರೂಪಾಯಿ ಹಾಕಿದ್ದ. ಹೋಗಲಿ, ಕೆಲಸ ಮಾಡಿಕೊಡುತ್ತಾನಲ್ಲ ಅಂತ ಕೊಟ್ಟೆವು. ಅತ್ತೆಯ ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರು, ಸರ್‌ನೇಮ್ ಜಾಗ ಖಾಲಿ. ನಮ್ಮ ಕಡೆ ಎಷ್ಟೋ ಹಿರಿಯರದ್ದು ಹಾಗೇ ಇರುತ್ತದೆ. ಏಜೆಂಟ್ ಕಡೆಯವರು ಖಾಲಿ ಬಿಡಬಾರದು ಅಂತ ತಮ್ಮದೇ ತಲೆ ಓಡಿಸಿ ನಮ್ಮ ಮಾವನ ಹೆಸರನ್ನು ಸರ್‌ನೇಮ್ ಮಾಡಿಬಿಟ್ಟಿದ್ದರು. ಹೊರಡಲು ಒಂಬತ್ತು ದಿನ ಇರುವಾಗ ನಮ್ಮನೆಯವರು ಪಾಸ್‌ಪೋರ್ಟನ್ನೂ ವೀಸಾವನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದರಿಂದ ಬಚಾವಾದೆವು. ಹೆಸರು ಹೊಂದದಿದ್ದರೆ ವಿಮಾನದ ಕೌಂಟರ್‌ನಲ್ಲೇ ನಿಲ್ಲಿಸುತ್ತಾರೆ. ಹೊಸದಾಗಿ ಅರ್ಜಿ, ಹೊಸದಾಗಿ ಫೀಸು, ಅದೂ ನಮ್ಮ ಜೇಬಿನಿಂದ. ಫೀಸು ಕಟ್ಟಿದ ಮೇಲೆ ವಾಪಸ್ ಬರುವುದಿಲ್ಲ. ಅರ್ಜಿಯನ್ನು ನೀವೇ ಅವರ ಸರ್ಕಾರಿ ಜಾಲತಾಣದಲ್ಲಿ ಹಾಕಿ, ಅರ್ಧ ಗಂಟೆಯ ಕೆಲಸ. ಅದೇ ಥರ ಕಾಣುವ ಖಾಸಗಿ ತಾಣಗಳು ಬೇಕಾದಷ್ಟಿವೆ, ವಿಳಾಸದ ಕೊನೆಯಲ್ಲಿ ಸರ್ಕಾರದ ಗುರುತು (gov.vn) ಇದೆಯಾ ನೋಡಿಕೊಳ್ಳಿ. ಹೆಸರನ್ನು ಪಾಸ್‌ಪೋರ್ಟ್‌ನಲ್ಲಿ ಫೋಟೋ ಕೆಳಗೆ ಬಾಣದ ಗುರುತುಗಳ ಜೊತೆ ಅಚ್ಚಾಗಿರುವ ಎರಡು ಸಾಲಿಗೆ ಹೋಲಿಸಿ ನೋಡಿ.

ಇನ್ನು ಆ "ಆರಾಮ" ಪ್ರವಾಸದ ಪಟ್ಟಿ. ಎರಡನೇ ದಿನ ಬಾ ನಾ ಹಿಲ್ಸ್. ಮೂರನೇ ದಿನ ಮಾರ್ಬಲ್ ಬೆಟ್ಟ, ಸೋನ್ ಚಾ ಗುಡ್ಡದ ಬುದ್ಧ ಮಂದಿರ, ರಾತ್ರಿ ಡ್ರ್ಯಾಗನ್ ಸೇತುವೆ. ನಾಲ್ಕನೇ ದಿನ ನೀರಲ್ಲಿ ಬೆಳೆಯುವ ತಾಳೆ ತೋಪಿನಲ್ಲಿ ಬುಟ್ಟಿ ದೋಣಿ, ಸಂಜೆ ಹೋಯಿ ಆನ್. ಐದನೇ ದಿನ ಹ್ಯೂ ಊರಿಗೆ ಹೋಗಿ ಬರುವುದು, ಎರಡೂ ಕಡೆ ಸೇರಿ 200 ಕಿಲೋಮೀಟರ್. ಸಮುದ್ರಕ್ಕೆ ಅಂತ ಇಟ್ಟಿದ್ದು ಮೊದಲ ದಿನದ ಸಂಜೆ, "ಫ್ರೀ ಟೈಮ್" ಅನ್ನುವ ಹೆಸರಲ್ಲಿ. ನಾನು ಇದನ್ನು ಹೊರಡುವ ಮುಂಚೆ ಓದಿದ್ದೆ, ಆದರೆ ಓದುವಾಗ ಬಿಸಿಲು ಇರುತ್ತದೆ ಅಂದುಕೊಂಡೇ ಓದಿದ್ದೆ.

ಮೊದಲ ಸಂಜೆ ಮೀ ಖೆ ಬೀಚ್‌ಗೆ ಹೋದೆವು. ಉದ್ದಕ್ಕೂ ಕೆಂಪು ಬಾವುಟ. ಅಲೆ ಎದೆಮಟ್ಟ ಏಳುತ್ತಿತ್ತು. ಮಗ ಪಾದ ನೆನೆಸಲು ಹೋದರೂ ಕಾವಲಿನವನು ಸೀಟಿ ಊದಿ ವಾಪಸ್ ಕಳಿಸಿದ. ಅವನದು ಸರಿಯೇ, ಮಳೆಗಾಲದ ಸಮುದ್ರದ ಜೊತೆ ಆಟ ಬೇಡ. ಕುರ್ಚಿ, ಛತ್ರಿ ಎಲ್ಲ ಮಡಚಿ ಟಾರ್ಪಾಲ್ ಹೊದೆಸಿ ಕಟ್ಟಿದ್ದರು. ಐದೂವರೆಗೇ ಕತ್ತಲು.

ಬಾ ನಾ ಹಿಲ್ಸ್ ಬಗ್ಗೆ ಏನು ಹೇಳಲಿ. ಎರಡು ದೊಡ್ಡ ಕೈಗಳು ಎತ್ತಿ ಹಿಡಿದಿರುವ ಚಿನ್ನದ ಬಣ್ಣದ ಸೇತುವೆ, 2018ರಲ್ಲಿ ಆಗಿದ್ದು, ನೀವೂ ಫೋಟೋ ನೋಡಿರುತ್ತೀರಿ. ತಲೆಗೆ ಮೂರು ಸಾವಿರಕ್ಕೂ ಮೇಲೆ ಟಿಕೆಟ್. ಐದೂ ಮುಕ್ಕಾಲು ಕಿಲೋಮೀಟರ್ ಕೇಬಲ್ ಕಾರಿನಲ್ಲಿ ಕೂತು ಮೇಲೆ ಹೋದೆವು, ಗಾಜಿನಾಚೆ ಬರೀ ಬಿಳಿ. ಸೇತುವೆ ಮೇಲೆ ನಿಂತರೆ ಹತ್ತು ಅಡಿ ಆಚೆ ಏನೂ ಕಾಣದು. ಮಂಜು ಒಂದು ಸಲ ಸರಿದಾಗ ಒಂದು ಹೆಬ್ಬೆರಳು ಕಾಣಿಸಿತು. ನಮ್ಮ ಹತ್ತಿರ ಇರುವ ಫೋಟೋ ಅದೊಂದೇ.

ಮಾರ್ಬಲ್ ಬೆಟ್ಟದ ದಿನ ಇನ್ನೊಂದು ಪಾಠ. ಗೈಡ್ ನಮ್ಮನ್ನು ಬೆಟ್ಟಕ್ಕಿಂತ ಮೊದಲು ಅದರ ಬುಡದ ಕಲ್ಲಿನ ವಿಗ್ರಹದ ಶೋರೂಮಿಗೆ ಕರೆದುಕೊಂಡು ಹೋದ. ಒಂದು ಗಂಟೆ. ಆಮೇಲೆ ರೇಷ್ಮೆ ಅಂಗಡಿ, ಅಲ್ಲಿ ಮುಕ್ಕಾಲು ಗಂಟೆ. ಮೈಸೂರಿನವರಿಗೆ ರೇಷ್ಮೆ ಮಾರಲು ಬಂದ ಆ ಹುಡುಗಿಯ ಧೈರ್ಯ ಮೆಚ್ಚಬೇಕು. ಅತ್ತೆ ಅವಳು ಕೊಟ್ಟ ಬಟ್ಟೆಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ ಏನೂ ಮಾತಾಡದೆ ವಾಪಸ್ ಕೊಟ್ಟರು. ಬೆಟ್ಟಕ್ಕೆ ಉಳಿದಿದ್ದು ನಲವತ್ತು ನಿಮಿಷ. ನೂರೈವತ್ತು ಚಿಲ್ಲರೆ ಮೆಟ್ಟಿಲು, ನೀರು ಹರಿದು ಜಾರುತ್ತಿದ್ದವು. ಅಲ್ಲಿ ಲಿಫ್ಟ್ ಇದೆ. ಗೈಡ್ ಹೇಳಲಿಲ್ಲ, ಕೆಳಗೆ ನೀರಿನ ಬಾಟಲಿ ಮಾರುತ್ತಿದ್ದ ಹೆಂಗಸು ಅತ್ತೆಯ ಮಂಡಿ ನೋಡಿ ಕೈಸನ್ನೆಯಲ್ಲಿ ತೋರಿಸಿದಳು. ವಯಸ್ಸಾದವರು ಜೊತೆಗಿದ್ದರೆ ಇದೊಂದನ್ನು ನೆನಪಿಡಿ.

ಆ ದಿನ ಶನಿವಾರ. ಹಾನ್ ನದಿ ಮೇಲಿನ ಡ್ರ್ಯಾಗನ್ ಸೇತುವೆ ವಾರಾಂತ್ಯದಲ್ಲಿ ರಾತ್ರಿ ಒಂಬತ್ತಕ್ಕೆ ಬೆಂಕಿ ಉಗುಳುತ್ತದೆ, ಆಮೇಲೆ ನೀರು ಉಗುಳುತ್ತದೆ. ಬೆಂಕಿ ನೋಡಿದೆವು. ನೀರು ಉಗುಳಿದ್ದು ನಮಗೆ ಗೊತ್ತಾಗಲಿಲ್ಲ.

ಹೋಯಿ ಆನ್ ಮಾತ್ರ, ಅಷ್ಟು ಮಳೆಯಲ್ಲೂ, ಮನಸ್ಸಿಗೆ ಹಿಡಿಸಿತು. ಹಳದಿ ಗೋಡೆಯ ಹಳೇ ಮನೆಗಳು, 1999ರಿಂದ ಯುನೆಸ್ಕೋ ಪಟ್ಟಿಯಲ್ಲಿರುವ ಊರು. ಅಲ್ಲಿನ ಹಳೇ ವ್ಯಾಪಾರಿಗಳ ಮನೆಯಲ್ಲಿ ಅಟ್ಟದ ನೆಲಕ್ಕೆ ಒಂದು ಚೌಕ ಬಾಗಿಲು ಇರುತ್ತದೆ. ನದಿ ಒಳಗೆ ಬಂದಾಗ ಸರಕನ್ನು ಅದರ ಮೂಲಕ ಮೇಲಕ್ಕೆ ಎಳೆದುಕೊಳ್ಳುವುದು. ನೂರಾರು ವರ್ಷದಿಂದ ಊರೇ ಹೀಗೆ ತಯಾರಾಗಿ ಕೂತಿದೆ, ಗೊತ್ತಿಲ್ಲದೆ ಹೋದವರು ನಾವಷ್ಟೇ. ನಮ್ಮ ಹೋಂಸ್ಟೇ ಗೋಡೆ ಮೇಲೂ ಗೆರೆಗಳಿದ್ದವು, ಪಕ್ಕದಲ್ಲಿ ವರ್ಷ. ಮಗ ಅದನ್ನು ಮಕ್ಕಳ ಎತ್ತರದ ಗುರುತು ಅಂದುಕೊಂಡಿದ್ದ, ನಮ್ಮನೆಯಲ್ಲಿ ಅಡುಗೆಮನೆ ಬಾಗಿಲಿಗೆ ಅವನದ್ದು ಇದೆಯಲ್ಲ, ಹಾಗೆ. 1964ರ ಗೆರೆ ಅವರಪ್ಪನ ತಲೆಗಿಂತ ಮೇಲಿತ್ತು. "ಇಷ್ಟು ಎತ್ತರದವರು ಯಾರು?" ಅಂತ ಕೇಳಿದ. ಮಾಲೀಕರ ಮಗಳು ನಕ್ಕು ನದಿ ಕಡೆ ಕೈ ತೋರಿಸಿದಳು.

ಆ ರಾತ್ರಿ ನೀರು ನಾಲ್ಕನೇ ಮೆಟ್ಟಿಲಿಗೆ ಬಂತು. ಕರೆಂಟ್ ತೆಗೆದರು. ಬೆಳಿಗ್ಗೆ ನಮ್ಮನ್ನು ದೋಣಿಯಲ್ಲಿ ಎತ್ತರದ ರಸ್ತೆಗೆ ಬಿಟ್ಟರು. ಬುಟ್ಟಿ ದೋಣಿ, ನಮ್ಮ ತಲಕಾಡಿನ ತೆಪ್ಪದಂಥದ್ದು, ಮಳೆಯಿಂದ ಕ್ಯಾನ್ಸಲ್ ಆಗಿತ್ತು, ಅದರ ಬದಲು ಇದು. ಮುರಿದ ಪ್ಲಾಸ್ಟಿಕ್ ಸ್ಟೂಲ್ ಇಟ್ಟು ಅತ್ತೆಯನ್ನು ಇಬ್ಬರು ತೋಳು ಹಿಡಿದು ಹತ್ತಿಸಿದರು. ಅವರು ಕಣ್ಣು ಮುಚ್ಚಿಕೊಂಡು ಕಾವೇರಿಯನ್ನು ನೆನೆಯುತ್ತಿದ್ದರು. ದೋಣಿಯವನು ಒಂದು ಲಕ್ಷ ಡಾಂಗ್ ಕೇಳಿದ, ಅಂದರೆ ಮುನ್ನೂರು ಮುನ್ನೂರೈವತ್ತು ರೂಪಾಯಿ. ನಮ್ಮನೆಯವರು ಐದು ನೀಲಿ ನೋಟು ಎಣಿಸಿ ಕೊಟ್ಟರು. 20,000ದ ನೋಟೂ ನೀಲಿ, 5,00,000ದ ನೋಟೂ ನೀಲಿ. ಸಂಜೆ ಪರ್ಸ್ ನೋಡಿದಾಗ ಗೊತ್ತಾಯಿತು, ಐದರಲ್ಲಿ ಒಂದು ದೊಡ್ಡದು. ಅದು ಮೋಸ ಅಲ್ಲ, ನಮ್ಮದೇ ಗಡಿಬಿಡಿ. ಹೋಗಲಿ, ಆ ನೀರಲ್ಲಿ ಅವನು ಮಾಡಿದ ಕೆಲಸಕ್ಕೆ ಜಾಸ್ತಿಯೇನಲ್ಲ. ನೀವು ಮಾತ್ರ ಎರಡು ನೋಟನ್ನೂ ಬೇರೆ ಬೇರೆ ಜೇಬಲ್ಲಿ ಇಟ್ಟುಕೊಳ್ಳಿ.

ಸಸ್ಯಾಹಾರಿಗಳಿಗೆ ಒಂದು ಮಾತು. ತರಕಾರಿ ಹುರಿದದ್ದಕ್ಕೂ ಮೀನಿನ ಸಾಸ್ ಹಾಕುತ್ತಾರೆ, ಅವರಿಗೆ ಅದು ಉಪ್ಪಿದ್ದ ಹಾಗೆ. "ಅನ್ ಚಾಯ್" ಅನ್ನಿ, ಬೌದ್ಧರ ಸಸ್ಯಾಹಾರಕ್ಕೆ ಅದೇ ಮಾತು, ಥಟ್ಟನೆ ಅರ್ಥವಾಗುತ್ತದೆ. ಎರಡು ದಿನ ಅತ್ತೆ ನಾನು ಪ್ರತಿ ಹೋಟೆಲ್‌ನಲ್ಲೂ ಟೀ ಕೇಳುತ್ತಿದ್ದೇನೆ ಅಂದುಕೊಂಡಿದ್ದರು.

ದುಡ್ಡು ವಾಪಸ್ ಬಂತಾ ಅಂದರೆ, ಇಲ್ಲ. ಹ್ಯೂ ಪ್ರವಾಸ, ಬುಟ್ಟಿ ದೋಣಿ, ಹೋಯಿ ಆನ್‌ನ ಎರಡನೇ ರಾತ್ರಿ, ಯಾವುದೂ ಆಗಲಿಲ್ಲ. ಏಜೆಂಟ್ ಪಿಡಿಎಫ್‌ನ ಹನ್ನೊಂದನೇ ಪುಟ ತೋರಿಸಿದ: ಹವಾಮಾನದಿಂದ ರದ್ದಾದರೆ ಹಣ ವಾಪಸ್ ಇಲ್ಲ. ಟ್ರಾವೆಲ್ ಇನ್ಶೂರೆನ್ಸ್‌ನವರು ವಿಮಾನ ಹಾರಿದೆಯಲ್ಲ ಮೇಡಂ ಅಂದರು. ಹೋಟೆಲ್ ನೀವೇ ಬುಕ್ ಮಾಡಿದರೆ ಎರಡು ದಿನ ಮುಂಚೆಯವರೆಗೂ ಪುಕ್ಕಟೆ ಕ್ಯಾನ್ಸಲ್ ಮಾಡುವಂಥದ್ದು ಸಿಗುತ್ತದೆ, ಸ್ವಲ್ಪ ಜಾಸ್ತಿ ಕೊಟ್ಟರೂ ಅದನ್ನೇ ತೆಗೆದುಕೊಳ್ಳಿ. ಪ್ಯಾಕೇಜ್ ಬೇಕೇ ಬೇಕು ಅಂದರೆ ದುಡ್ಡು ಹಾಕುವ ಮುಂಚೆ ಆ ಹನ್ನೊಂದನೇ ಪುಟವನ್ನು ಕೇಳಿ ತರಿಸಿಕೊಳ್ಳಿ.

ಡಾನಾಂಗ್‌ಗೆ ಹೋಗಲೇಬೇಡಿ ಅನ್ನುತ್ತಿಲ್ಲ. ಫೆಬ್ರವರಿ ಕೊನೆಯಿಂದ ಮೇವರೆಗೆ ಹೋಗಿ. ನಮ್ಮ ಮಕ್ಕಳ ಬೇಸಿಗೆ ರಜೆ ಅಲ್ಲಿಗೆ ಹೇಳಿ ಮಾಡಿಸಿದ ಕಾಲ, ಸಮುದ್ರ ಶಾಂತವಾಗಿರುತ್ತದೆ. ಏಪ್ರಿಲ್ 30, ಮೇ 1 ಮಾತ್ರ ಬಿಡಿ, ಅವರ ರಾಷ್ಟ್ರೀಯ ರಜೆ, ದೇಶವೇ ಬೀಚ್‌ನಲ್ಲಿರುತ್ತದೆ. ಡಿಸೆಂಬರ್ ರಜೆಗೆ ಸಮುದ್ರವೇ ಬೇಕು ಅಂದರೆ ದಕ್ಷಿಣದ ಫು ಕ್ವೋಕ್ ದ್ವೀಪ ನೋಡಿ, ಅಲ್ಲಿ ಆಗ ಒಣ ಹವೆ, ಅಲ್ಲಿಗಷ್ಟೇ ಹೋಗಿ ಬರುವವರಿಗೆ 30 ದಿನದವರೆಗೆ ವೀಸಾ ಬೇಡ. ಡಾನಾಂಗ್‌ನಿಂದ ಕೆಳಗಿರುವ ನ್ಯಾ ಚಾಂಗ್ ಕೂಡ ಕರಾವಳಿ ಊರೇ, ಚೆಂದವೇ, ಆದರೆ ಅಲ್ಲಿಯೂ ಮಳೆ ಜೋರಾಗುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ.

ಹೊರಡುವ ದಿನ ಬೆಳಿಗ್ಗೆ ಐದು ಗಂಟೆಗೆ ಮಳೆ ನಿಂತಿತ್ತು. ಎಲ್ಲ ಪ್ಯಾಕ್ ಮಾಡಿ ಬೀಚ್‌ಗೆ ಒಂದು ಸುತ್ತು ಹೋದೆವು. ಊರಿನ ಅಜ್ಜಿಯರು ಆಗಲೇ ಮರಳಲ್ಲಿ ವ್ಯಾಯಾಮ ಮಾಡುತ್ತಿದ್ದರು. ಮುರುಡೇಶ್ವರದಲ್ಲಿ ಸೂರ್ಯ ಮುಳುಗುವುದನ್ನು ನೋಡಿದ್ದ ಅತ್ತೆಗೆ ಇಲ್ಲಿ ಸಮುದ್ರದಿಂದ ಹುಟ್ಟುವುದನ್ನು ನೋಡಿ ಖುಷಿಯಾಯಿತು. ಹದಿನೈದು ನಿಮಿಷ. ಟ್ಯಾಕ್ಸಿ ಬಂತು.

ಮೊನ್ನೆ ಅದೇ ಏಜೆಂಟ್‌ನಿಂದ ವಾಟ್ಸಾಪ್ ಬಂತು. "ನವೆಂಬರ್ ಸ್ಪೆಷಲ್, ನ್ಯಾ ಚಾಂಗ್, ನಾಲ್ಕು ರಾತ್ರಿ. ಹೋಟೆಲ್ ರೇಟ್ ಅರ್ಧಕ್ಕರ್ಧ ಮೇಡಂ."