ಬೆಕ್ಕಿನ ಮರಿಯ ಗುದ ಹೊರಬಂದರೆ: ದಾವಣಗೆರೆಯ ಒಂದು ಕ್ಲಿನಿಕ್‌ನ ಚಿಕಿತ್ಸೆ ಹೇಗಿದೆ?

ಹಗಲು ಹೊತ್ತಾದರೆ ಮರಿಯನ್ನು ಈ ಕ್ಲಿನಿಕ್‌ಗೆ ನಂಬಿ ಒಯ್ಯಬಹುದು. ಮರಿಯನ್ನು ಮೇಜಿನ ಮೇಲೆ ಇಟ್ಟ ಕೂಡಲೇ ಇಲ್ಲಿ ಗುದದಿಂದ ಹೊರಬಂದ ಕೆಂಪು ಗಡ್ಡೆಯನ್ನು ಒಳಗೆ ತಳ್ಳಲು ಹೋಗುವುದಿಲ್ಲ. ಜೆಲ್ ಸವರಿದ ಮೊಂಡು ಕಡ್ಡಿಯನ್ನು ಗಡ್ಡೆಗೂ ಗುದದ ಅಂಚಿಗೂ ನಡುವೆ ಮೆಲ್ಲಗೆ ಹಾಯಿಸಿ ನೋಡುತ್ತಾರೆ. ಕಡ್ಡಿ ಅಲ್ಲೇ ತಡೆದರೆ ಜಾರಿರುವುದು ಗುದನಾಳ. ಸಲೀಸಾಗಿ ಐದಾರು ಸೆಂಟಿಮೀಟರ್ ಹೋದರೆ ಮೇಲಿನ ಕರುಳು ಒಂದರೊಳಗೊಂದು ತೂರಿ ಹೊರಗೆ ಇಣುಕಿದೆ ಎಂದರ್ಥ. ಅದಕ್ಕೆ ಹೊಟ್ಟೆಯ ಶಸ್ತ್ರಚಿಕಿತ್ಸೆಯೇ ಬೇಕು. ಇದನ್ನು ನೋಡದೆ ಹೊಲಿಗೆ ಹಾಕಿದರೆ ಮರಿಯ ಜೀವಕ್ಕೇ ಕುತ್ತು.

ಅರಿವಳಿಕೆ ಕೊಟ್ಟು, ಬೆಚ್ಚನೆಯ ಸಲೈನ್‌ನಲ್ಲಿ (ಉಪ್ಪುನೀರು) ತೊಳೆದು, ಊತ ಇಳಿಯಲು 50% ಡೆಕ್ಸ್‌ಟ್ರೋಸ್ ಎಂಬ ಸಕ್ಕರೆ ದ್ರಾವಣದಲ್ಲಿ ನೆನೆಸಿದ ಗಾಜ್ ಬಟ್ಟೆ ಸುತ್ತಿಡುತ್ತಾರೆ. ಆಮೇಲೆ ಒಳಗೆ ಸೇರಿಸಿ, ಚೀಲದ ಬಾಯಿಗೆ ದಾರ ಎಳೆದಂತೆ ಸುತ್ತ ಹೊಲಿಗೆ. ಕೈಚಳಕ ಇರುವುದು ಇಲ್ಲಿಯೇ: ತೀರಾ ಬಿಗಿದರೆ ಮಲ ಕಟ್ಟಿ ಮರಿ ಮತ್ತೆ ತಿಣುಕುತ್ತದೆ, ಸಡಿಲ ಬಿಟ್ಟರೆ ಮತ್ತೆ ಜಾರುತ್ತದೆ. ಮೆತ್ತನೆಯ ಮಲ ಹೊರಬರುವಷ್ಟು ಜಾಗ ಬಿಟ್ಟು, ಮೂರರಿಂದ ಐದು ದಿನಕ್ಕೆ ಬಿಚ್ಚುತ್ತಾರೆ. ಅಷ್ಟು ದಿನ ಮಲ ಮೆತ್ತಗಾಗಿಸುವ ಲ್ಯಾಕ್ಟುಲೋಸ್ ಮತ್ತು ತೆಳು ಆಹಾರ.

ನಮಗೆ ಹೆಚ್ಚು ಹಿಡಿಸಿದ್ದು ಮಲಪರೀಕ್ಷೆ. ಹೊಲಿಗೆ ಬರೀ ತಡೆ, ರೋಗ ಇರುವುದು ಮರಿಯನ್ನು ತಿಣುಕಿಸುವ ಕಾರಣದಲ್ಲಿ. ಜಂತುಹುಳು ಕಂಡರೆ ಫೆನ್‌ಬೆಂಡಜೋಲ್, ಕಿಲೋ ತೂಕಕ್ಕೆ 50 ಮಿಲಿಗ್ರಾಂನಂತೆ ಮೂರು ದಿನ. ಕಾಕ್ಸಿಡಿಯಾ ಎಂಬ ಏಕಕೋಶ ಪರೋಪಜೀವಿ ಇದ್ದರೆ ಆ ಮದ್ದು ನಾಟುವುದಿಲ್ಲ, ಔಷಧಿಯೇ ಬೇರೆ. ಸೂಕ್ಷ್ಮದರ್ಶಕದಲ್ಲಿ ನೋಡದೆ ಇದು ಗೊತ್ತಾಗುವುದು ಹೇಗೆ?

ಕೊರತೆಗಳೂ ಇವೆ. ಕುತ್ತಿಗೆಗೆ ಹಾಕುವ ಕಾಲರ್ ನಾಯಿಯ ಅಳತೆಯದು, ಮರಿ ಅದರಿಂದ ನುಣುಚಿಕೊಂಡು ಹೊಲಿಗೆ ನೆಕ್ಕುತ್ತದೆ. ಮನೆಯ ಆರೈಕೆಯ ಚೀಟಿ ಇಂಗ್ಲಿಷಿನಲ್ಲಿ ಮಾತ್ರ. ರಾತ್ರಿ ಫೋನ್ ಎತ್ತುವವರಿಲ್ಲ, ಈ ತೊಂದರೆಗೋ ಗಂಟೆಗಳು ಮುಖ್ಯ. ಹೊಲಿಗೆ ಬಿಚ್ಚಿದ ಮೇಲೆ ಮತ್ತೆ ಮತ್ತೆ ಜಾರಿದರೆ ಕರುಳನ್ನು ಹೊಟ್ಟೆಯ ಗೋಡೆಗೆ ಹೊಲಿಯಬೇಕು. ಅದಕ್ಕೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಕಳಿಸುತ್ತಾರೆ. ಗಡ್ಡೆ ಕಪ್ಪಾಗಿದ್ದರೆ, ಹರಿದಿದ್ದರೆ ಆ ಭಾಗ ಕತ್ತರಿಸಲೇಬೇಕು, ಇದನ್ನು ಮೊದಲೇ ಕೇಳಿಕೊಳ್ಳಿ.

ಚಿತ್ರದುರ್ಗದಿಂದ ಬರುವವರು ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಮಟ್ಟ ಟೀ ಚಮಚ ಉಪ್ಪು ಕಲಸಿಟ್ಟುಕೊಳ್ಳಿ. ಹಳೆಯ ಮೆತ್ತನೆಯ ಬಟ್ಟೆ ಅದರಲ್ಲಿ ಅದ್ದಿ ಗಡ್ಡೆಗೆ ಸುತ್ತಿ, ದಾರಿಯುದ್ದಕ್ಕೂ ಒಣಗದಂತೆ ಒದ್ದೆ ಮಾಡುತ್ತಿರಿ. ಹತ್ತಿ ಬೇಡ, ಅಂಟಿಕೊಳ್ಳುತ್ತದೆ. ಅರಿಸಿನವೂ ಬೇಡ. ನೋವಿಗೆಂದು ಪ್ಯಾರಾಸಿಟಮಾಲ್ ಕೊಡಲೇಬೇಡಿ, ಬೆಕ್ಕಿಗೆ ಅದು ವಿಷ.