ಲೈಬ್ರರಿ ಕ್ಲಾಸಿಗೆ ವೋಟಿಂಗ್ ರಿಮೋಟ್: ತಗೋಬಹುದಾ?

ಕಲಬುರಗಿಯ ಒಂದು ಡಿಗ್ರಿ ಕಾಲೇಜಿನ ಲೈಬ್ರರಿಯಲ್ಲಿ ನನ್ನ ಕೆಲಸ. ಕ್ಯಾಟಲಾಗ್‌ನಲ್ಲಿ ಪುಸ್ತಕ ಹುಡುಕುವುದು, ಕಾಲೇಜುಗಳಿಗೆ ಇ-ಜರ್ನಲ್, ಇ-ಪುಸ್ತಕ ಒದಗಿಸುವ ಎನ್-ಲಿಸ್ಟ್‌ನಲ್ಲಿ ಲಾಗಿನ್ ಆಗಿ ಜರ್ನಲ್ ತೆಗೆಯುವುದು, ಇದನ್ನೆಲ್ಲ ಹೊಸ ಬ್ಯಾಚಿಗೆ ಹೇಳಿಕೊಡುವ ಕ್ಲಾಸಿಗೆ ಈ ಕ್ಲಿಕ್ಕರ್ ಸೆಟ್ ತರಿಸಿ ಕೆಲವು ವರ್ಷ ಆಯಿತು. ಕೈಯಲ್ಲಿ ಹಿಡಿಯುವ ಸಣ್ಣ ರಿಮೋಟ್‌ಗಳು, ಲ್ಯಾಪ್‌ಟಾಪಿಗೆ ಚುಚ್ಚುವ ಒಂದು ಯುಎಸ್‌ಬಿ ರಿಸೀವರ್, ಅಷ್ಟೇ. ಹುಡುಗರು ಎ, ಬಿ, ಸಿ ಒತ್ತುತ್ತಾರೆ, ಪರದೆ ಮೇಲೆ ಗ್ರಾಫ್ ಬರುತ್ತದೆ.

ಚೆನ್ನಾಗಿರುವುದು ಏನೆಂದರೆ, ಯಾರು ಏನು ಒತ್ತಿದರು ಅಂತ ಪಕ್ಕದವರಿಗೆ ಗೊತ್ತಾಗುವುದಿಲ್ಲ. ‘ಅರ್ಥ ಆಯ್ತಾ’ ಅಂದರೆ ‘ಹೂಂ ರೀ ಸರ’ ಅನ್ನುವ ಕ್ಲಾಸೇ ಇಲ್ಲಿ ಬೇರೆ ಉತ್ತರ ಕೊಡುತ್ತದೆ. ನನ್ನ ಕಾಯಂ ಪ್ರಶ್ನೆ ಒಂದಿದೆ: ‘ತೊಗರಿ’ ಅಂತ ಹುಡುಕಿದ್ದೀರಿ, ಈಗ ‘ತೊಗರಿ ಆ್ಯಂಡ್ ನೆಟೆ ರೋಗ’ ಅಂತ ಹಾಕಿದರೆ ಫಲಿತಾಂಶ ಜಾಸ್ತಿ ಆಗುತ್ತದೋ, ಕಡಿಮೆಯೋ? ಪ್ರತಿ ಸಲ ಬಹಳ ಮಂದಿ ಜಾಸ್ತಿ ಅಂತಲೇ ಒತ್ತುತ್ತಾರೆ. ಎರಡು ಪದ ಅಂದಮೇಲೆ ಜಾಸ್ತಿ ಅಲ್ವಾ! ಆಗ ಉತ್ತರ ಹೇಳದೆ, ಪಕ್ಕದವರ ಜೊತೆ ಮಾತಾಡಿ ಮತ್ತೆ ಒತ್ತಿ ಅನ್ನುತ್ತೇನೆ. ಹಾರ್ವರ್ಡ್‌ನ ಭೌತಶಾಸ್ತ್ರದ ಮೇಷ್ಟ್ರು ಎರಿಕ್ ಮಜೂರ್ 1990ರ ದಶಕದಲ್ಲಿ ಬಳಕೆಗೆ ತಂದ ಪದ್ಧತಿ ಇದು. ಆ ಗದ್ದಲದಲ್ಲಿ ಎರಡೂ ಇರುವ ಪುಸ್ತಕ ಮಾತ್ರ ಬರುತ್ತದೆ ಅನ್ನೋದನ್ನ ಅವರೇ ಕಂಡುಕೊಳ್ಳುತ್ತಾರೆ, ಆಮೇಲೆ ಕ್ಯಾಟಲಾಗ್ ತೆರೆದು ತೋರಿಸಿದರೆ ಸಾಕು. ಕನ್ನಡ ಸಾಹಿತ್ಯದ ಡ್ಯೂಯಿ ನಂಬರ್ (ವಿಷಯವಾರು ಪುಸ್ತಕ ಜೋಡಿಸುವ ಸಂಖ್ಯೆ) 894.814 ಹೌದೋ ಅಲ್ಲವೋ ಅಂತ ಕೇಳಿದರೆ ಮಾತ್ರ ದಂಡ. ಎಲ್ಲರೂ ಸರಿ ಒತ್ತಿದರೂ ಯಾರೂ ಏನೂ ಕಲಿತಿರುವುದಿಲ್ಲ.

ಇನ್ನು ಕಾಟಗಳು. ಹಂಚುವುದು, ವಾಪಸ್ ಎಣಿಸಿ ಡಬ್ಬಿಗೆ ಹಾಕುವುದು, ಇದರಲ್ಲೇ ಅರ್ಧ ಪೀರಿಯಡ್ ಹೋಗುತ್ತದೆ. ಗುಂಡಿ ಸೆಲ್ ರಜೆ ಮುಗಿದು ಬರುವಷ್ಟರಲ್ಲಿ ಸತ್ತಿರುತ್ತದೆ. ‘ನಂದು ಹೋಗವಲ್ದ್ರಿ ಸರ’ ಅಂತ ಹಿಂದಿನ ಬೆಂಚಿನಿಂದ ಒಂದು ಕೂಗು ಗ್ಯಾರಂಟಿ. ನುಡಿ ಸಾಫ್ಟ್‌ವೇರಿನ ಹಳೆ ಫಾಂಟಿನಲ್ಲಿ ಟೈಪ್ ಮಾಡಿದ ಪ್ರಶ್ನೆ ಗ್ರಾಫ್ ಬಂದ ಕೂಡಲೇ ಚಿಂದಿಯಾಗುತ್ತದೆ, ಯೂನಿಕೋಡ್ ಆದರೆ ತೊಂದರೆ ಇಲ್ಲ. ಹಾಜರಿಗೂ ಇದನ್ನೇ ಬಳಸಿ ಅಂತ ಮೇಲಿನವರು ಹೇಳಿದ್ದುಂಟು. ಬೇಡ್ರಿ. ಹೆಸರು ಗೊತ್ತಾಗುತ್ತದೆ ಅಂದ ಮೇಲೆ ಯಾರು ಧೈರ್ಯವಾಗಿ ತಪ್ಪು ಒತ್ತುತ್ತಾರೆ?

ಮೊಬೈಲ್ ಇದೆಯಲ್ಲ ಅನ್ನಬಹುದು. ಫೋನಿನಲ್ಲೇ ಉತ್ತರ ಒತ್ತಿಸುವ ಮೆಂಟಿಮೀಟರ್ ಚೆನ್ನಾಗಿದೆ, ಆದರೆ ನಮ್ಮ ರೀಡಿಂಗ್ ಹಾಲಿನ ದಪ್ಪ ಗೋಡೆಯೊಳಗೆ ನೆಟ್‌ವರ್ಕ್ ಸಿಗಬೇಕಲ್ಲ. ಇನ್ನೊಂದು ಅಂಥದ್ದೇ ಕ್ವಿಜ್ ಆ್ಯಪ್ ಕಹೂಟ್‌ನಲ್ಲಿ ಬೇಗ ಒತ್ತಿದವರಿಗೆ ಪಾಯಿಂಟ್ ಜಾಸ್ತಿ, ಹೀಗಾಗಿ ಪ್ರಶ್ನೆ ಓದುವ ಮೊದಲೇ ಒತ್ತಿಬಿಡುತ್ತಾರೆ.

ಈಗ ಸಣ್ಣ ಗುಂಪಿಗೆ ಪ್ಲಿಕ್ಕರ್ಸ್ ಕಾಗದ ಬಳಸುತ್ತಿದ್ದೇನೆ. ಒಬ್ಬೊಬ್ಬರದೂ ಬೇರೆ ಬೇರೆ ಕಪ್ಪು ಆಕಾರ, ಯಾವ ಬದಿ ಮೇಲೆ ಹಿಡಿದರೋ ಅದೇ ಉತ್ತರ. ಬದಿಯಲ್ಲಿರುವ ಎ, ಬಿ, ಸಿ ಅಕ್ಷರ ಎಷ್ಟು ಸಣ್ಣದೆಂದರೆ ಪಕ್ಕದವನನ್ನು ನೋಡಿ ಕಾಪಿ ಹೊಡೆಯಲು ಬರುವುದಿಲ್ಲ. ನನ್ನ ಒಂದು ಫೋನ್ ಕ್ಯಾಮೆರಾ ಎಲ್ಲ ಓದಿಕೊಳ್ಳುತ್ತದೆ. ಹೊಳೆಯುವ ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ, ಟ್ಯೂಬ್‌ಲೈಟ್ ಬೆಳಕು ಬಿದ್ದರೆ ಕ್ಯಾಮೆರಾಕ್ಕೆ ಕಾಣಿಸುವುದಿಲ್ಲ.

ದೊಡ್ಡ ಹಾಲ್ ಇದ್ದು, ಹಂಚಲು ಒಬ್ಬ ಸಹಾಯಕ ಇದ್ದರೆ ರಿಮೋಟ್ ತಗೊಳ್ಳಿ. ತಗೊಳ್ಳುವ ಮೊದಲು ರಿಸೀವರ್ ಬಿಡಿಯಾಗಿ ಸಿಗುತ್ತದಾ ಅಂತ ಅಂಗಡಿಯವರಿಂದ ಬರೆಸಿಕೊಳ್ಳಿ. ಅದೊಂದು ಕಳೆದರೆ ಡಬ್ಬಿಯಲ್ಲಿರುವ ರಿಮೋಟೆಲ್ಲ ಗುಜರಿಗೇ.